ವಿಮಾನ ನನ್ನದಲ್ಲ, ಹಾರಾಟ ನನ್ನದು

ವಿಮಾನ ಹಾರಿಸುವುದು ಶ್ರೀಮಂತರ ಶೋಕಿ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆದರೆ ತಿಂಗಳ ಸಂಬಳದಲ್ಲೇ ಬದುಕುವ ನನಗೂ ಖಾಸಗಿ ಪೈಲಟ್ ಲೈಸೆನ್ಸ್ ಸಿಕ್ಕಿದೆ. ಮುಲುಂಡಿನ ಫ್ಲ್ಯಾಟಿನ ಕಂತು, ಲೋಕಲ್ ರೈಲಿನ ಪಾಸು, ಮಕ್ಕಳ ಫೀಸು ಯಾವುದನ್ನೂ ತಪ್ಪಿಸದೆ ಇದು ಆದದ್ದು ಒಂದೇ ಕಾರಣಕ್ಕೆ. ನಾನು ವಿಮಾನ ಕೊಳ್ಳುವ ಯೋಚನೆಗೇ ಹೋಗದೆ ಫ್ಲೈಯಿಂಗ್ ಕ್ಲಬ್ ಸೇರಿದೆ.

ಇದರ ಹಿಂದಿನ ಲೆಕ್ಕ ಸರಳ. ಸೆಸ್ನಾ 152ರಂಥ ಎರಡು ಸೀಟಿನ ಪುಟ್ಟ ವಿಮಾನಕ್ಕೂ ಹ್ಯಾಂಗರಿನ ಬಾಡಿಗೆ, ವಿಮೆ, ಎಂಜಿನಿಯರನ ಸಂಬಳ, ವರ್ಷಾವಧಿ ತಪಾಸಣೆ ಇದ್ದೇ ಇವೆ. ವಿಮಾನ ಹಾರಿದರೂ ಹಾರದಿದ್ದರೂ ಈ ಖರ್ಚು ನಿಲ್ಲುವುದಿಲ್ಲ. ಮುಂಬೈ ಮಳೆಗಾಲದಲ್ಲಿ ವಾರಗಟ್ಟಲೆ ನಿಂತಲ್ಲೇ ನಿಂತರೂ ಬಿಲ್ಲು ಬರುತ್ತದೆ. ಉದಾಹರಣೆಗೆ, ಈ ಸ್ಥಿರ ಖರ್ಚು ವರ್ಷಕ್ಕೆ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬನೇ ಮಾಲೀಕ ವರ್ಷಕ್ಕೆ 40 ಗಂಟೆ ಹಾರಿದರೆ ಗಂಟೆಗೆ 25,000 ರೂಪಾಯಿ ಬೀಳುತ್ತದೆ. ಅದೇ ವಿಮಾನವನ್ನು ಸದಸ್ಯರೆಲ್ಲ ಸೇರಿ 500 ಗಂಟೆ ಹಾರಿಸಿದರೆ ಗಂಟೆಗೆ ಬರೀ 2,000. ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಲೀಟರ್ ಪೆಟ್ರೋಲು ಇಬ್ಬರಿಗೂ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಕ್ಲಬ್ಬಿನ ಲಾಭವೆಲ್ಲ ಇರುವುದು ಸ್ಥಿರ ಖರ್ಚಿನ ಹಂಚಿಕೆಯಲ್ಲಿ.

ಎಂಜಿನ್ನಿನ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಸೆಸ್ನಾ 152ರ ಲೈಕಮಿಂಗ್ ಎಂಜಿನ್ನನ್ನು 2,400 ಗಂಟೆಗೊಮ್ಮೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು ಎನ್ನುತ್ತದೆ ತಯಾರಕ ಕಂಪನಿ. ಅಷ್ಟು ಗಂಟೆ ಓಡದಿದ್ದರೂ 12 ವರ್ಷಕ್ಕೆ ಓವರ್‌ಹಾಲ್ ಆಗಬೇಕು ಎಂಬುದೂ ಅದರದೇ ಸಲಹೆ. ವರ್ಷಕ್ಕೆ 40 ಗಂಟೆ ಹಾರುವ ಮಾಲೀಕ 12 ವರ್ಷದಲ್ಲಿ ಬಳಸುವುದು 480 ಗಂಟೆ. ಅಂದರೆ ದುಡ್ಡು ಕೊಟ್ಟು ಕೊಂಡ ಎಂಜಿನ್ನಿನ ಆಯುಷ್ಯದಲ್ಲಿ ಐದರಲ್ಲಿ ನಾಲ್ಕು ಪಾಲು ವ್ಯರ್ಥ. ಸಾಲದ್ದಕ್ಕೆ, ಓಡದೆ ನಿಂತ ಎಂಜಿನ್ನಿನ ಒಳಭಾಗಗಳಿಗೆ ತುಕ್ಕು ಹಿಡಿಯುತ್ತದೆ, ಕಡಲ ಕಡೆಯ ಉಪ್ಪುಗಾಳಿಯಲ್ಲಂತೂ ಬೇಗ. ದಿನವೂ ಹಾರುವ ಕ್ಲಬ್ಬಿನ ವಿಮಾನಕ್ಕೆ ಬಳಕೆಯೇ ಆರೈಕೆ.

ಪಾಲಿನ ಈ ಅರ್ಥಶಾಸ್ತ್ರ ಮುಂಬೈಗೆ ಹೊಸದಲ್ಲ, ನಮ್ಮ ಕರಾವಳಿಯವರಿಗಂತೂ ಅಲ್ಲವೇ ಅಲ್ಲ. ಕೆನರಾದಿಂದ ಬಂದ ಚಿತ್ರಾಪುರ ಸಾರಸ್ವತರು 1906ರಲ್ಲಿ ಇಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಕಟ್ಟಿದರು. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ನಿರ್ಮಾಣ ಸಂಘ ಹುಟ್ಟಿತು. ಎರಡರ ಹಿಂದೆಯೂ ಇದ್ದವರು ಶ್ರೀಪಾದ ಸುಬ್ರಾವ್ ತಲ್ಮಕಿ. ಒಬ್ಬೊಬ್ಬರಾಗಿ ಜಾಗ ಕೊಳ್ಳಲಾಗದ ಗುಮಾಸ್ತರು ಷೇರು ಹಾಕಿ ಸಂಘ ಕಟ್ಟಿದರು. ಕಟ್ಟಡ ಸಂಘದ್ದು, ವಾಸ ಸದಸ್ಯರದು. ಒಡೆತನ ಎಲ್ಲರದು, ಬಳಕೆ ನಿಮ್ಮದು ಎಂಬ ಆ ಸೂತ್ರವನ್ನೇ ಫ್ಲೈಯಿಂಗ್ ಕ್ಲಬ್ಬು ಆಕಾಶಕ್ಕೆ ಒಯ್ಯುತ್ತದೆ.

ನಾನು ಸೇರಿದ, ಜುಹು ಏರೋಡ್ರೋಮಿನ ಬಾಂಬೆ ಫ್ಲೈಯಿಂಗ್ ಕ್ಲಬ್ ಶುರುವಾದದ್ದು 1928ರಲ್ಲಿ. ಮರುವರ್ಷ ಫೆಬ್ರವರಿ 10ರಂದು ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಪಡೆದ ಜೆ.ಆರ್.ಡಿ. ಟಾಟಾ ಹಾರಲು ಕಲಿತದ್ದು ಇಲ್ಲೇ. ಆಗ ಅವರಿಗೆ 24 ವರ್ಷ. ಅದಾಗಿ ನಾಲ್ಕು ವರ್ಷ ತುಂಬುವುದರೊಳಗೆ, 1932ರ ಅಕ್ಟೋಬರ್ 15ರಂದು, ಅವರು ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಅಂಚೆ ಹೊತ್ತು ಜುಹುವಿಗೇ ಬಂದಿಳಿದರು. ಟಾಟಾ ಮನೆತನದ ಕುಡಿಯೂ ಮೊದಲ ಪಾಠ ಕಲಿತದ್ದು ಹತ್ತು ಜನ ಬಳಸುವ ಕ್ಲಬ್ಬಿನ ವಿಮಾನದಲ್ಲಿ ಎಂಬುದನ್ನು ನಾವು ಮರೆಯಬಾರದು.

ಈಗ ಜುಹುವಿನಲ್ಲಿ ಹೆಲಿಕಾಪ್ಟರುಗಳದೇ ಭರಾಟೆ, ಪಕ್ಕದಲ್ಲೇ ಸಾಂತಾಕ್ರೂಜ್–ಸಹಾರದ ದೊಡ್ಡ ನಿಲ್ದಾಣ. ಆದ್ದರಿಂದ ಕ್ಲಬ್ಬಿನ ತರಬೇತಿ ಹಾರಾಟ ನಡೆಯುವುದು ಧುಳೆಯಲ್ಲಿ. ಆಗ್ರಾ ಹೆದ್ದಾರಿ ಹಿಡಿದು ನಾಸಿಕ್ ದಾಟಿ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಈ ಓಡಾಟ, ಊಟ, ವಸತಿಯನ್ನು ಬಜೆಟ್ಟಿನಲ್ಲಿ ಮೊದಲೇ ಬರೆದಿಡಬೇಕು. ನಾವು ಮುಂಬೈ ಸದಸ್ಯರು ಒಂದೇ ಕಾರಿನಲ್ಲಿ ಹೋಗುತ್ತೇವೆ. ದೂರದ ಹಾರಾಟವಾದರೆ ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು ಹಾರಿಸುತ್ತೇವೆ. ಅವರವರ ಗಂಟೆಗೆ ಅವರವರ ದುಡ್ಡು.

ಗಂಟೆಯ ಎಣಿಕೆ ಚಕ್ರ ಉರುಳದಂತೆ ಅಡ್ಡ ಇಟ್ಟ ಚಾಕ್ಸ್ ತೆಗೆದಾಗ ಶುರುವಾಗಿ ಮತ್ತೆ ಇಟ್ಟಾಗ ಮುಗಿಯುತ್ತದೆ. ರನ್‌ವೇ ಅಂಚಿನಲ್ಲಿ ಕಾಯುವ ಹೊತ್ತಿಗೂ ದುಡ್ಡು ಓಡುತ್ತಿರುತ್ತದೆ. ಹಾಗಾಗಿ ಆ ದಿನದ ಪಾಠ, ರೇಡಿಯೊ ಮಾತು, ಚೆಕ್‌ಲಿಸ್ಟ್ ಎಲ್ಲವನ್ನೂ ನೆಲದ ಮೇಲೇ ಬಾಯಿಪಾಠ ಮಾಡಿಕೊಂಡು ಹತ್ತುವುದು ನನ್ನ ರೂಢಿ. ಕುರ್ಚಿಯ ಮೇಲೆ ಕೂತು ಕಲಿಯುವುದಕ್ಕೆ ಶುಲ್ಕವಿಲ್ಲ.

ಹತ್ತುವ ಮೊದಲು ರೆಕ್ಕೆಯ ಕೆಳಗೆ ಕೂತು ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲನ್ನು ಪಾರದರ್ಶಕ ಕಪ್ಪಿಗೆ ಇಳಿಸಿ ಬೆಳಕಿಗೆ ಹಿಡಿಯುತ್ತೇವೆ. ತಿಳಿನೀಲಿ ಇದ್ದರೆ ಸರಿ; ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಕಂಡರೆ ನೀರು ಸೇರಿದೆ ಎಂದರ್ಥ. ಈ ಕೆಲಸವನ್ನು ಬೆಳಗ್ಗೆ ಒಬ್ಬರು ಮಾಡಿದ್ದರೂ ಮುಂದಿನವರು ಮತ್ತೆ ಮಾಡುತ್ತಾರೆ. ಬ್ರೇಕು ಸ್ವಲ್ಪ ಒಂದು ಕಡೆ ಎಳೆಯುತ್ತಿದೆ ಎಂದು ಹಿಂದಿನವರು ಟೆಕ್ ಲಾಗಿನಲ್ಲಿ ಬರೆದರೆ ಎಂಜಿನಿಯರ್ ನೋಡಿ ಸಹಿ ಹಾಕುವ ತನಕ ವಿಮಾನ ಕದಲುವುದಿಲ್ಲ. ಒಬ್ಬಂಟಿ ಮಾಲೀಕನಿಗೆ ಇಷ್ಟು ಕಣ್ಣುಗಳ ಕಾವಲು ಎಲ್ಲಿಂದ ಬರಬೇಕು? ಜತೆಗೆ, ನಾಲ್ಕಾರು ತಿಂಗಳು ಹಾರದೆ ಅಭ್ಯಾಸ ತಪ್ಪಿದವರನ್ನು ಬೋಧಕರು ಪಕ್ಕದಲ್ಲಿ ಕೂತು ಮತ್ತೆ ತಿದ್ದುತ್ತಾರೆ. ದುಡ್ಡಿನಲ್ಲಿ ಅಳೆಯಲಾಗದ ಲಾಭವೆಂದರೆ ನನ್ನ ಮಟ್ಟಿಗೆ ಇದೇ.

ಅನಾನುಕೂಲವೂ ಇದೆ. ಬೇಸಿಗೆಯಲ್ಲಿ ಧುಳೆಯ ಬಿಸಿಲಿಗೆ ಗಾಳಿ ತೆಳುವಾಗಿ ವಿಮಾನ ಏರಲು ಹೆಣಗುತ್ತದೆ. ಬೆಳಗಿನ ತಂಪು ಹೊತ್ತಿಗೇ ಎಲ್ಲರ ಬೇಡಿಕೆ. ಕೇಳಿದ ಭಾನುವಾರವೇ ಸಿಗಬೇಕೆಂಬ ಹಟ ಇಲ್ಲಿ ನಡೆಯುವುದಿಲ್ಲ. ವಾರದ ನಡುವೆ ರಜೆ ಹಾಕಬಲ್ಲವರಿಗೆ ಅನುಕೂಲ ಹೆಚ್ಚು.

ಸೇರಬೇಕೆನ್ನುವವರಿಗೆ ನಾಲ್ಕು ಮಾತು. ಮೊದಲನೆಯದು, ಶುಲ್ಕ ಕಟ್ಟುವ ಮುಂಚೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆ ಇರುವ ವೈದ್ಯರಲ್ಲಿ ಕ್ಲಾಸ್ 2 ವೈದ್ಯಕೀಯ ತಪಾಸಣೆ ಮುಗಿಸಿ. ಕಣ್ಣೋ ಹೃದಯವೋ ಅಡ್ಡ ಬಂದರೆ ಗೊತ್ತಾಗಬೇಕಾದದ್ದು ದುಡ್ಡು ಕೊಡುವ ಮೊದಲು.

ಎರಡನೆಯದು, ಇಡೀ ಮೊತ್ತವನ್ನು ಮುಂಗಡ ಸುರಿಯಬೇಡಿ. ನನ್ನ ಪರಿಚಯದ ಹುಡುಗನೊಬ್ಬ ಬೇರೊಂದು ಊರಿನ ತರಬೇತಿ ಸಂಸ್ಥೆಗೆ ಒಟ್ಟಿಗೇ ಹಣ ಕಟ್ಟಿದ. ವಿಮಾನಗಳು ರಿಪೇರಿಗೆ ನಿಂತವು, ಹಣ ವಾಪಸು ಪಡೆಯಲು ಅವನ ಮನೆಯವರು ಅಲೆದಾಡಬೇಕಾಯಿತು. ಹಾರಿದಷ್ಟಕ್ಕೆ ಕಟ್ಟುವ ವ್ಯವಸ್ಥೆ ಕೇಳಿ. ಹಾರಲು ಯೋಗ್ಯವಾಗಿರುವ ವಿಮಾನ ಎಷ್ಟು, ಒಂದು ವಿಮಾನಕ್ಕೆ ಸದಸ್ಯರು ಎಷ್ಟು, ಬೋಧಕರು ಎಷ್ಟು, ಹಾನಿಯಾದರೆ ವಿಮೆ ಬಿಟ್ಟ ಮೊತ್ತ ಯಾರ ತಲೆಗೆ, ನಡುವೆ ಬಿಟ್ಟರೆ ಹಣ ಎಷ್ಟು ಮರಳುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಮೂರನೆಯದು, ನಿಮ್ಮ ವಿಮಾ ಪಾಲಿಸಿಗಳನ್ನು ತೆಗೆದು ಓದಿ. ಸಾಮಾನ್ಯ ಅಪಘಾತ ವಿಮೆ ಪ್ರಯಾಣಿಕರಾಗಿ ಹಾರುವವರಿಗೆ ರಕ್ಷಣೆ ಕೊಡುತ್ತದೆ, ಹಾರಿಸುವವರಿಗಲ್ಲ. ಟರ್ಮ್ ವಿಮೆಯ ಅರ್ಜಿಯಲ್ಲಿ ಈ ಹವ್ಯಾಸದ ಪ್ರಶ್ನೆ ಇದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಪ್ರೀಮಿಯಂ ಒಂದಿಷ್ಟು ಏರಿದರೂ ಪರವಾಗಿಲ್ಲ, ನಾಳೆ ಮನೆಯವರ ಕ್ಲೇಮು ತಿರಸ್ಕೃತವಾಗಬಾರದು.

ನಾಲ್ಕನೆಯದು, ಹವ್ಯಾಸಕ್ಕೆ ಸಾಲ ಬೇಡ. ಖಾಸಗಿ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಬೇಕು. ಆದರೆ ಅದನ್ನು ಇಟ್ಟುಕೊಂಡು ಸಂಪಾದಿಸುವಂತಿಲ್ಲ. ಸಂಪಾದನೆಗೆ ಬೇಕಾದ ವಾಣಿಜ್ಯ ಲೈಸೆನ್ಸಿಗೆ 200 ಗಂಟೆ ಬೇಕು, ಅದರ ಲೆಕ್ಕವೇ ಬೇರೆ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಭದ್ರವಾಗಿದ್ದ ಮೇಲೆ, ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿದ ದುಡ್ಡಿನಿಂದಲೇ ಹಾರಿ. ಆ ಖಾತೆ ಬರಿದಾದ ತಿಂಗಳು ನಾನು ಹಾರುವುದಿಲ್ಲ. ಸ್ವಂತ ವಿಮಾನವಿದ್ದಿದ್ದರೆ ಹಾರದ ತಿಂಗಳಲ್ಲೂ ಬಿಲ್ಲು ಕಟ್ಟಬೇಕಿತ್ತು.

ನಮ್ಮಲ್ಲಿ ಎಷ್ಟೋ ಜನ ಸಂಗೀತವಾದ್ಯ, ದೂರದರ್ಶಕ, ದೋಣಿ, ವಿಮಾನ ಎಲ್ಲವನ್ನೂ ಬೆಲೆಪಟ್ಟಿ ನೋಡಿಯೇ ಕೈಬಿಡುತ್ತಾರೆ. ಆ ಪಟ್ಟಿ ಹೇಳುವುದು ಒಡೆತನದ ಬೆಲೆ. ನಮಗೆ ಬೇಕಾದದ್ದು ಬಳಕೆಯ ಬೆಲೆ. ಆಸೆ ದುಬಾರಿ ಎನಿಸಿದಾಗ ಅದನ್ನು ಬಿಡುವ ಮೊದಲು ಪಾಲುದಾರರನ್ನು ಹುಡುಕಿ.