ಕೂಸನ್ನು ಎತ್ತಿಕೊಂಡವರು

ಅಂಗನವಾಡಿಯಲ್ಲಿ ನಾವು ಲೆಕ್ಕ ಇಡದ ಸಂಗತಿ ಕಡಿಮೆ. ಕೂಸಿನ ತೂಕ, ಎತ್ತರ, ರಟ್ಟೆಯ ಸುತ್ತಳತೆ, ಬಸುರಿಗೆ ಕೊಟ್ಟ ಕಬ್ಬಿಣದ ಗುಳಿಗೆ, ಮೊಟ್ಟೆ, ಹಾಲಿನ ಪುಡಿ, ಎಲ್ಲಕ್ಕೂ ಲೆಕ್ಕವಿದೆ. ಮೊದಲು ಅದು ದಫ್ತರದಲ್ಲಿತ್ತು, 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿಗೂ ಏರಿದೆ. ಚಾರ್ಟಿನ ಹಸಿರು ಪಟ್ಟಿಯಲ್ಲಿ ಚುಕ್ಕಿ ಬಿತ್ತೆಂದರೆ ಕೂಸು ಚಲೋ ಐತಿ ಅಂತ ಅರ್ಥ. ಸವದತ್ತಿ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಚುಕ್ಕಿ ಇಡುತ್ತ ಬಂದವಳು ನಾನು. ಹಸಿರು ಪಟ್ಟಿಯಲ್ಲೇ ಇದ್ದು ಒಳಗೊಳಗೆ ಬಾಡುವ ಮಕ್ಕಳನ್ನು ಕಂಡಿದ್ದೇನೆ. ತೂಕ ಮುಖ್ಯವಲ್ಲ ಎನ್ನುತ್ತಿಲ್ಲ. ಹೊಟ್ಟೆಗಿಲ್ಲದ ಮನೆಯಲ್ಲಿ ಮನಸ್ಸಿನ ಮಾತು ತೆಗೆಯುವುದು ಅನ್ಯಾಯ. ಆದರೆ ಆ ಕೂಸನ್ನು ದಿನಾ ನಗಿಸುವವರು ಯಾರು, ಅತ್ತರೆ ಎತ್ತಿಕೊಳ್ಳುವವರು ಯಾರು, ಎತ್ತಿಕೊಂಡವರ ಮನಸ್ಸು ನೆಟ್ಟಗಿದೆಯೇ ಎಂದು ಕೇಳುವ ಕಾಲಮ್ಮು ನಾನು ತುಂಬಿದ ಯಾವ ದಫ್ತರದಲ್ಲೂ ಇರಲಿಲ್ಲ.

ಊರಲ್ಲಿ ಈ ಮಾತು ತೆಗೆದರೆ ಬರುವ ಉತ್ತರ ಒಂದೇ. "ಸಣ್ಣ ಕೂಸೈತಿ, ಅದಕ್ಕೇನ್ ತಿಳೀತೈತ್ರಿ ಅಕ್ಕೋರ?"

ನಮ್ಮ ಕಡೆ ಹಿಂಗಾರಿ ಜೋಳ, ಕಡಲೆಯ ರಾಶಿ ಮುಗಿಯಿತೆಂದರೆ ಎಷ್ಟೋ ಮನೆಯ ಗಂಡ ಹೆಂಡತಿ ದುಡಿಯಲು ಹೊರಡುತ್ತಾರೆ. ಗೋವಾ, ಮಂಗಳೂರು, ಪುಣೆ. ಕಟ್ಟಡ ಕೆಲಸ, ರಸ್ತೆ ಕೆಲಸ. ನವಿಲುತೀರ್ಥದ ಅಣೆಕಟ್ಟು ಮಗ್ಗುಲಲ್ಲೇ ಇದ್ದರೂ ಕಾಲುವೆ ನೀರು ಎಲ್ಲರ ಹೊಲಕ್ಕೆ ಹರಿಯುವುದಿಲ್ಲ. ಮೊಲೆ ಕುಡಿಯುವ ಕೂಸಿದ್ದರೆ ಜೊತೆಗೆ ಒಯ್ಯುತ್ತಾರೆ, ಹಾಲು ಬಿಟ್ಟದ್ದನ್ನು ಆಯಿಯ, ಅಂದರೆ ಅಜ್ಜಿಯ ಹತ್ತಿರ ಬಿಡುತ್ತಾರೆ. ಬಿಡುವುದಕ್ಕೂ ಒಂದು ರೂಢಿಯಿದೆ. ಕೂಸು ಮಲಗಬೇಕು, ಆಮೇಲೆ ಇವರು ಸದ್ದಿಲ್ಲದೆ ರಾತ್ರಿ ಬಸ್ಸಿಗೆ ಹೋಗಬೇಕು. "ಎಚ್ಚರಿದ್ದಾಗ ಹೊಂಟ್ರ ಜೀಂವಾ ತಿಂತೈತ್ರಿ. ಅದಕ್ಕೂ ತ್ರಾಸ, ಅವರಿಗೂ ತ್ರಾಸ." ಇದರಲ್ಲಿ ಕೆಟ್ಟ ಬುದ್ಧಿ ಏನೂ ಇಲ್ಲ, ಕರುಳು ಹಿಂಡುತ್ತದೆ ಅಂತಲೇ ಹೀಗೆ ಮಾಡುತ್ತಾರೆ.

ಹಾಗೆ ಬಿಟ್ಟುಹೋದ ಒಬ್ಬ ಹುಡುಗನಿಂದ ನಾನು ಕಲಿತಷ್ಟು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಮೂರು ತುಂಬಲು ಇನ್ನೂ ಸ್ವಲ್ಪ ಇತ್ತು. ಚಟಪಟ ಮಾತಾಡುತ್ತಿದ್ದವನು ಮಾತು ಬಿಟ್ಟ. ಊಟ ಕೊಟ್ಟರೆ ಬಾಯಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಎಲ್ಲಕ್ಕಿಂತ ವಿಚಿತ್ರವೆಂದರೆ ನಿದ್ದೆ. ಮಧ್ಯಾಹ್ನ ಉಳಿದ ಮಕ್ಕಳು ಜಮಖಾನೆಯ ಮೇಲೆ ಸಾಲಾಗಿ ಉರುಳಿದರೆ ಇವನು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ. ಕಣ್ಣು ಮುಚ್ಚಿ ಬರುವುದು, ತಲೆ ಜೋಲುವುದು, ಬೆಚ್ಚಿ ಮತ್ತೆ ಸರಳು ಬಿಗಿಹಿಡಿಯುವುದು. ನಿಂತೇ ತೂಕಡಿಸುತ್ತಿದ್ದ, ಮಲಗುತ್ತಿರಲಿಲ್ಲ. ಮಕ್ಕೊಂಡರೆ ಅವ್ವ ಇಲ್ಲವಾಗುತ್ತಾಳೆ ಎಂದು ಅವನ ಅನುಭವ ಹೇಳಿತ್ತು. ಅದಕ್ಕೇನ್ ತಿಳೀತೈತಿ ಅನ್ನುವವರಿಗೆ ನಾನು ಈಗಲೂ ಆ ಕಿಟಕಿ ತೋರಿಸುತ್ತೇನೆ.

ಆಯಿ ಅವನನ್ನು ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದು ಭಂಡಾರ ಹಚ್ಚಿಸಿಕೊಂಡು ಬಂದಳು. ಅದಕ್ಕೆ ನನ್ನ ತಕರಾರಿಲ್ಲ. ಗುಡ್ಡದಿಂದ ಬಂದ ದಿನ ಆಯಿಯ ಮುಖದಲ್ಲಿ ಸಮಾಧಾನವಿತ್ತು, ಅಂದು ಹುಡುಗನೂ ಎರಡು ತುತ್ತು ಹೆಚ್ಚು ಉಂಡ. ಕೊಂಡಿ ಇರುವುದು ಅಲ್ಲೇ ಎಂದು ನನಗೆ ಹೊಳೆದದ್ದು ಆಗ. ಮಾತು ಬಿಟ್ಟ ಕೂಸಿಗೆ ಮೊದಲು ಕಿವಿ ಕೇಳುತ್ತದೆಯೇ ನೋಡಬೇಕು, ಬೆಳವಣಿಗೆಯಲ್ಲೇ ತೊಡಕಿದೆಯೇ ನೋಡಬೇಕು. ಅದನ್ನು ಬಿಟ್ಟು ಎಲ್ಲಕ್ಕೂ ಮನಸ್ಸೇ ಕಾರಣ ಎನ್ನುವುದೂ ಅಪಾಯ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂದ ಮೇಲೆ ಆ ತಂಡದ ಡಾಕ್ಟರು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುವ ಏರ್ಪಾಟಿದೆ. ಅವರು ನೋಡಿದರು. ಕಿವಿ ಚೊಕ್ಕವಿತ್ತು, ಕರೆದರೆ ತಿರುಗುತ್ತಿದ್ದ, ಕಣ್ಣಿಟ್ಟು ನೋಡುತ್ತಿದ್ದ. ದುಃಖ ಒಂದೇ ಉಳಿದಿತ್ತು.

ಮಾಡಿದ್ದು ದೊಡ್ಡ ಕೆಲಸವೇನಲ್ಲ. ಆಯಿ ದಿನಾ "ನಾಳಿ ಬರ್ತಾಳ ನಿಮ್ಮವ್ವ" ಅನ್ನುತ್ತಿದ್ದಳು. ನಾಳೆ ಬಂದಾಗ ಅವ್ವ ಬರುತ್ತಿರಲಿಲ್ಲ. ಅದನ್ನು ಬಿಡಿಸಿದೆವು. "ಪಂಚಮಿಗೆ ಉಂಡಿ ಕಟ್ತೀವಲಾ, ಜೋಕಾಲಿ ಕಟ್ತೀವಲಾ, ಆವಾಗ ಬರ್ತಾಳ" ಎಂದು ನಿಜವನ್ನೇ ಹೇಳಲು ಒಪ್ಪಿಸಿದೆವು. ಮೂರು ವರ್ಷದವನಿಗೆ ತಿಂಗಳು ತಿಳಿಯುವುದಿಲ್ಲ, ಉಂಡಿ ತಿಳಿಯುತ್ತದೆ. ತಾಯಿ ಮನಸ್ಸಾದಾಗ ಫೋನ್ ಮಾಡುವ ಬದಲು ರಾತ್ರಿ ಉಂಡ ಮೇಲೆ, ಅದೇ ಹೊತ್ತಿಗೆ ಮಾಡತೊಡಗಿದಳು. ಮೊದಲು ಅವನು ಫೋನಿನ ಕಡೆ ಬೆನ್ನು ತಿರುಗಿಸುತ್ತಿದ್ದ. ಹುಡುಗ ಸಿಟ್ಟಾಗಿದ್ದಾನೆ, ಸಿಟ್ಟಿರುವುದು ಚಲೋ, ಫೋನ್ ನಿಲ್ಲಿಸಬೇಡ ಎಂದೆ. ಆಯಿಯ ಪೆಟ್ಟಿಗೆಯಲ್ಲಿ ಸೊಸೆಯ ಹಳೆಯ ಸೀರೆ ಇದ್ದವು. ಅವುಗಳದೇ ಒಂದು ಸಣ್ಣ ಕೌದಿ ಹೊಲಿದಳು. ನಮ್ಮ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಎಷ್ಟೋ ದಿನದ ಮೇಲೆ ಒಂದು ಮಧ್ಯಾಹ್ನ ಆ ಕೌದಿಯ ಅಂಚು ಬಾಯಲ್ಲಿಟ್ಟುಕೊಂಡು ಜಮಖಾನೆಯ ಮೇಲೆ ಮಲಗಿದ.

ಪಂಚಮಿಗೆ ತಾಯಿ ಬಂದಳು. ಅಂವ ಓಡಿ ಹೋಗಿ ಅಪ್ಪಿಕೊಳ್ಳಲಿಲ್ಲ. ಆಯಿಯ ಸೀರೆಯ ಹಿಂದೆ ಅಡಗಿ ನಿಂತ. ಆ ತಾಯಿ ನನ್ನ ಮುಂದೆ ಕೂತು ಅತ್ತಳು, "ನನ್ನ ಮರತಾನ್ರಿ" ಅಂತ. ಮರೆತಿರಲಿಲ್ಲ. ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬಾತ 1952ರಲ್ಲಿ, ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯ ಮೇಲೆ ಒಂದು ಫಿಲ್ಮು ತೆಗೆದಿದ್ದ. ಎಂಟು ದಿನದ ವಾಸ ಅಷ್ಟೇ. ಆಗ ಅಲ್ಲಿ ತಾಯಂದಿರು ಮಕ್ಕಳ ಜೊತೆ ಆಸ್ಪತ್ರೆಯಲ್ಲಿ ಇರುವಂತಿರಲಿಲ್ಲ, ಅತ್ತು ಸುಮ್ಮನಾದ ಕೂಸನ್ನು ಹೊಂದಿಕೊಂಡಿದೆ ಎಂದು ಬರೆದುಕೊಳ್ಳುತ್ತಿದ್ದರು. ಸುಮ್ಮನಾಗುವುದು ಹೊಂದಿಕೆಯಲ್ಲ, ಆಸೆ ಬಿಡುವುದು ಎಂದು ಆತ, ಅವನ ಜೊತೆಗಿದ್ದ ಜಾನ್ ಬೌಲ್ಬಿ ವಾದಿಸಿದರು. 1959ರ ಪ್ಲಾಟ್ ವರದಿಯ ನಂತರ ಅಲ್ಲಿನ ಆಸ್ಪತ್ರೆಗಳು ನಿಧಾನಕ್ಕೆ ಬಾಗಿಲು ತೆರೆದವು. ತಾಯಿಯನ್ನು ಅಗಲಿದ ಕೂಸಿಗೆ ಮೊದಲು ಅಳು, ಆಮೇಲೆ ಮಂಕು, ಆಮೇಲೆ ಯಾರೂ ಬೇಡವೆಂಬ ಮುಖ. ಈ ಕ್ರಮವನ್ನು ನಾನು ಆಮೇಲೆ ಓದಿದೆ. ಅಷ್ಟರಲ್ಲಿ ನಮ್ಮೂರಲ್ಲೇ ನೋಡಿಯಾಗಿತ್ತು. ತಾಯಿಗೆ ನಾನು ಹೇಳಿದ್ದು ಇಷ್ಟು: ಎಳೆದು ಎತ್ತಿಕೊಳ್ಳಬೇಡ, ಅವನ ಮಗ್ಗುಲಲ್ಲಿ ಕೂತು ರೊಟ್ಟಿ ಬಡಿ, ತಾನೇ ಬರುತ್ತಾನೆ. ಮತ್ತೆ ಹೋಗುವಾಗ ಎಚ್ಚರಿದ್ದಾಗಲೇ ಹೇಳಿ ಹೋಗು, ಅಳಲಿ. ಹೇಳಿಯೇ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಊರೇ ತಿರುಗಿ ನೋಡುವಂತೆ ಅತ್ತ. ಆ ರಾತ್ರಿ ಮಲಗಿದ.

ಇಷ್ಟೆಲ್ಲದರಲ್ಲಿ ದುಡಿದದ್ದು ಆಯಿ. ಅವಳ ಮೊಣಕಾಲು ಹಿಡಿದಿತ್ತು, ಮಗ ಕಣ್ಣೆದುರಿಲ್ಲವೆಂಬ ಚಿಂತೆಯಿತ್ತು, ಸಂಘದ ಸಾಲದ ಕಂತು ಅವಳ ತಲೆಯ ಮೇಲಿತ್ತು. ಕೂಸು ರಾತ್ರಿ ಎದ್ದು ಅತ್ತರೆ ಅವಳೂ ಕತ್ತಲಲ್ಲಿ ಕೂತು ಅಳುತ್ತಿದ್ದಳಂತೆ. ನಾನು ಮೊದಮೊದಲು ಹುಡುಗನ ಬಗ್ಗೆಯೇ ಕೇಳುತ್ತಿದ್ದೆ. ಒಂದು ದಿನ "ನೀ ಉಂಡೇನ ಆಯಿ?" ಎಂದು ಕೇಳಿದಾಗ ಬಾಗಿಲ ಕಟ್ಟೆಯ ಮೇಲೆ ಕೂತು ಬಿಚ್ಚಿಟ್ಟಳು. ಅವತ್ತಿನಿಂದ ಸಂಜೆ ಓಣಿಯ ಹೆಂಗಸರು ಸರದಿಯಲ್ಲಿ ಅರ್ಧ ತಾಸು ಹುಡುಗನನ್ನು ಆಡಿಸಿದರು, ಆಯಿ ಕಾಲು ಚಾಚಿ ಕೂತಳು. ಕೂಸಿನ ಮನಸ್ಸಿಗೆ ಔಷಧ ಹುಡುಕುವವರು ಮೊದಲು ಕೂಸನ್ನು ಎತ್ತಿಕೊಂಡವರನ್ನು ಕೇಳಬೇಕು ಎಂಬುದನ್ನು ನಾನು ಹಿಡಿದದ್ದು ಹೀಗೆ. ಇದನ್ನೇ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಸೇರಿ 2018ರಲ್ಲಿ ಹೊರತಂದ ಪೋಷಕ ಆರೈಕೆಯ ಚೌಕಟ್ಟಿನಲ್ಲೂ ಹೇಳಿವೆ: ಆರೋಗ್ಯ, ಆಹಾರದ ಸಾಲಿನಲ್ಲೇ ಕೂಸಿನ ಕರೆಗೆ ಓಗೊಡುವ ಆರೈಕೆ, ಸುರಕ್ಷೆ, ಕಲಿಯುವ ಅವಕಾಶ. ಓಗೊಡಲು ಕೈ ಖಾಲಿ ಇರಬೇಕು, ಎದೆ ಹಗುರ ಇರಬೇಕು.

ಎದೆ ಹಗುರಾಗದ ಬಾಣಂತಿಯರ ಮಾತನ್ನೂ ಹೇಳಬೇಕು. ನಮ್ಮ ಬಾಣಂತನ ಚಲೋ ಪದ್ಧತಿ. ತವರಿನಲ್ಲಿ ಎಣ್ಣೆ ಹಚ್ಚಿ ಎರೆಯುವವರು, ಕೂಸಿಗೆ ಧೂಪ ಹಾಕಿ ಕುಂಚಿಗೆ ಕಟ್ಟಿ ತೊಟ್ಟಿಲಿಗೆ ಹಾಕುವವರು ಇರುತ್ತಾರೆ. ಆ ಕೈಗಳು ಪೇಟೆಯ ಎಷ್ಟೋ ತಾಯಂದಿರಿಗೆ ಇಲ್ಲ. ಆದರೆ ಅದೇ ಕೋಣೆಯಲ್ಲಿ "ಎರಡನೇದೂ ಹೆಣ್ಣ ಆತಲ್ಲಾ" ಎಂಬ ಮಾತು ದಿನಕ್ಕೆ ಎಷ್ಟು ಸಲ ಬೀಳುತ್ತದೆ! ಒಬ್ಬಾಕೆ ಹಾಗೇ ಕೇಳಿ ಕೇಳಿ ಗೋಡೆ ನೋಡತೊಡಗಿದ್ದಳು. ಹಾಲೂಡಿಸುವಾಗ ಕೂಸು ಮುಖ ನೋಡಿ ನಗುತ್ತಿತ್ತು, ಕೈ ಆಡಿಸುತ್ತಿತ್ತು, ತಾಯಿಯ ಮುಖ ಮಿಸುಕದ್ದಕ್ಕೆ ಕಣ್ಣು ಬೇರೆ ಕಡೆ ಹೊರಳಿಸುತ್ತಿತ್ತು. ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ತಾಯಂದಿರಿಗೆ ಸ್ವಲ್ಪ ಹೊತ್ತು ಮುಖ ಕಲ್ಲು ಮಾಡಿಕೊಳ್ಳಲು ಹೇಳಿ ಪರೀಕ್ಷಿಸಿದ್ದು ಇದನ್ನೇ. ಅಷ್ಟರಲ್ಲೇ ಕೂಸುಗಳು ಕಂಗಾಲಾಗಿದ್ದವು.

ಆ ಬಾಣಂತಿಯ ಮಂಕಿಗೆ ಚಿಕಿತ್ಸೆ ಇದೆ ಎಂದರೆ ಮನೆಯವರು ನನ್ನ ಮೇಲೇ ಹರಿಹಾಯ್ದರು. ಕಾರಣ ಒಂದೇ, ನಮ್ಮ ಕಡೆ "ಧಾರವಾಡಕ್ಕ ಕರಕೊಂಡ ಹೋಗ್ರಿ" ಎಂಬುದು ಬೈಗುಳ. ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ ಇದೆ, ಈಗ ಅದು ಡಿಮ್ಹಾನ್ಸ್. ಆ ಹಳೆಯ ಹೆಸರಿನ ಅಂಜಿಕೆ ಇನ್ನೂ ಹೋಗಿಲ್ಲ. ಬಸ್ಸಿಗೆ ಹತ್ತಿದರೆ ಊಟದ ಹೊತ್ತಿಗೆ ತಿರುಗಿ ಬರಬಹುದಾದ ಆಸ್ಪತ್ರೆಗೆ ಹೋಗದೆ ಜನ ಎಷ್ಟೋ ವರ್ಷ ಒಳಗೇ ಬೇಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಕೂಸು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗ 2009ರಿಂದ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. 2022ರಿಂದ 14416 ಎಂಬ ಟೆಲಿಮಾನಸ್ ನಂಬರಿಗೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ಬಾಣಂತಿಗೆ ದಾರಿಯಾದದ್ದು ಅವಳ ತಾಯಿಯಿಂದ. "ನನ್ನ ಮಗಳ ಜೀಂವಕ್ಕಿಂತ ಮಂದಿ ಮಾತು ಹೆಚ್ಚೇನ್ರಿ" ಎಂದು ಸೆರಗು ಸಿಕ್ಕಿಸಿಕೊಂಡು ಅವಳೇ ಕರೆದೊಯ್ದಳು. ಗುಳಿಗೆ, ಮಾತು, ನಿದ್ದೆ ಮೂರೂ ಸಿಕ್ಕಮೇಲೆ ತಾಯಿಯ ಮುಖ ತಿರುಗಿ ಬಂತು. ಕೂಸಿನ ನಗು ಅದರ ಹಿಂದೆಯೇ ಬಂತು.

2019ರ ಆಗಸ್ಟಿನಲ್ಲಿ ಹೊಳೆ ಬಂದದ್ದು ಬೇರೆಯ ಪಾಠ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮುನವಳ್ಳಿಯಿಂದ ರಾಮದುರ್ಗದವರೆಗೆ ದಂಡೆಯ ಊರುಗಳಿಗೆ ಮಲಪ್ರಭೆ ನುಗ್ಗಿತು. ಪರಿಹಾರ ಕೇಂದ್ರದಲ್ಲಿ ರೊಟ್ಟಿ, ಹೊದಿಕೆ, ಬಿಸ್ಕೀಟು ಬಂದು ಬಿದ್ದವು. ಚಡ್ಡಿ ಒದ್ದೆ ಮಾಡಿಕೊಳ್ಳುವುದನ್ನು ಬಿಟ್ಟಿದ್ದ ಮಕ್ಕಳು ಮತ್ತೆ ಶುರು ಮಾಡಿದ್ದವು. ಮೋಡ ಗುಡುಗಿದರೆ ತಾಯಿಯ ಸೊಂಟಕ್ಕೆ ಅಂಟುತ್ತಿದ್ದವು. ನೀರಿಳಿದ ಮೇಲೆ ಮಕ್ಕಳು ಒಂದು ಆಟ ಹೂಡಿದವು: ಅಂಗಳದಲ್ಲಿ ಕೆಸರಿನ ಮನೆ ಕಟ್ಟುವುದು, ತಂಬಿಗೆ ನೀರು ಸುರಿದು "ಹೊಳಿ ಬಂತೋ" ಎಂದು ಕೂಗುವುದು, ಮನೆ ಕರಗುವುದನ್ನು ನೋಡುವುದು, ಮತ್ತೆ ಕಟ್ಟುವುದು. ಹಿರಿಯರಿಗೆ ಇದು ಅಪಶಕುನ. ಬೈದು ತಂಬಿಗೆ ಕಸಿದರು. ನಾನು ಹಿರಿಯರನ್ನು ಆಚೆ ಕರೆದು ಆಡಲು ಬಿಡಿಸಿದೆ. ದೊಡ್ಡವರು ಚಹಾದಂಗಡಿಯಲ್ಲಿ ನೂರು ಸಲ ಅದೇ ಕಥೆ ಹೇಳಿ ಹಗುರಾದರು, ಮಕ್ಕಳು ತಂಬಿಗೆಯಲ್ಲಿ ಹೇಳುತ್ತಿದ್ದವು. ಕೆಲವು ದಿನದ ಮೇಲೆ ಆಟದಲ್ಲಿ ಒಂದು ಬದಲಾವಣೆ ಬಂತು. ಒಬ್ಬಳು ಮನೆಯ ಸುತ್ತ ಕಲ್ಲು ಒಡ್ಡಿದಳು. ನಾನು ಮಾಡಿದ್ದು ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಹಾಡಿನಿಂದ ಅಂಗನವಾಡಿ ಶುರು ಮಾಡಿದ್ದು. ಎಲ್ಲ ತೇಲಿಹೋದಾಗ ನಾಳೆ ಏನಾಗುತ್ತದೆ ಎಂಬುದು ಗೊತ್ತಿರುವುದೇ ಆ ವಯಸ್ಸಿಗೆ ದೊಡ್ಡ ಆಸರೆ.

ಹೆದರಿಸಿ ಸುಮ್ಮನಾಗಿಸುವ ರೂಢಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಮ್ಮ, ಪೊಲೀಸ್, "ಅಕ್ಕೋರ ಸೂಜಿ ಮಾಡ್ತಾರ ನೋಡ್" ಎಂಬುದು. ಕೊನೆಯದು ನನಗೇ ಸುತ್ತಿಕೊಂಡಿದೆ, ಲಸಿಕೆಯ ದಿನವಲ್ಲದಿದ್ದರೂ ನನ್ನನ್ನು ಕಂಡು ಓಡುವ ಮಕ್ಕಳಿವೆ. ಮೊಬೈಲಿನದೂ ಅಷ್ಟೇ. ಎರಡು ವರ್ಷದೊಳಗಿನ ಕೂಸಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾನು ಅದನ್ನು ತಾಯಂದಿರಿಗೆ ಹೇಳುವಾಗ ನನ್ನ ಕೈಯಲ್ಲೂ ಮೊಬೈಲ್ ಇರುತ್ತದೆ, ಫೋಟೋ ಅಪ್‌ಲೋಡ್ ಆಗದೆ ಚಕ್ರ ತಿರುಗುತ್ತಿರುತ್ತದೆ. ಜಾಣ ಕೂಸುಗಳು ಎರಡನ್ನೂ ನೋಡುತ್ತವೆ.

ಈಚೆಗೆ ಮೂರರೊಳಗಿನ ಮಕ್ಕಳಿಗೆ ನವಚೇತನ, ಮೂರರ ಮೇಲಿನವರಿಗೆ ಆಧಾರಶಿಲಾ ಎಂಬ ಚೌಕಟ್ಟುಗಳು ಕೇಂದ್ರದಿಂದ ಬಂದಿವೆ. ಕೂಸಿನ ಜೊತೆ ಮಾತಾಡಿ, ಆಡಿ ಎಂದು ಸರ್ಕಾರದ ಪುಸ್ತಕ ಹೇಳುವುದು ಸಣ್ಣ ಮಾತಲ್ಲ. ರಾಜ್ಯದಲ್ಲಿ 2023ರ ಬಜೆಟ್ಟಿನ ನಂತರ ಕೂಲಿಗೆ ಹೋಗುವ ತಾಯಂದಿರ ಎಳೆ ಮಕ್ಕಳಿಗೆ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಬಂದಿವೆ. ನನ್ನ ಬೇಡಿಕೆ ಎರಡೇ. ನೋಡಿಕೊಳ್ಳುವ ಹೆಂಗಸು ಪದೇ ಪದೇ ಬದಲಾಗಬಾರದು. ಮತ್ತೆ ಅವಳ ಪಗಾರ ಹೊತ್ತಿಗೆ ಸರಿಯಾಗಿ ಬರಬೇಕು. ಪಗಾರ ಬರದೆ ಅಂಗಡಿಯವನಿಂದ ಮಾತು ಕೇಳಿ ಬಂದವಳ ಮಡಿಲಲ್ಲಿ ಯಾವ ಕೂಸು ಆರಾಮ ಇರುತ್ತದೆ?

ನಮ್ಮ ಕೇಂದ್ರದಲ್ಲಿ ತಾಯಂದಿರ ಸಭೆ ಎಂದು ಬೋರ್ಡಿದೆ, ಬರುವವರಲ್ಲಿ ಈಗ ಅರ್ಧಕ್ಕರ್ಧ ಆಯಿಂದಿರು. ಕೂಸಿನ ವಿಷಯ ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಮೊಣಕಾಲು, ಸೊಸೆ, ಸಂಘದ ಕಂತು, ಫೋನ್ ಮಾಡದ ಮಗ. ಅವರಿಗೆ ಚಹಾ ಬೇಕು, ಜೊತೆಗೆ ಚುರುಮುರಿಯೂ ಇದ್ದರೆ ಬೇಗ ಏಳುವುದಿಲ್ಲ. ಈ ಖರ್ಚನ್ನು ಯಾವ ಲೆಕ್ಕದಲ್ಲಿ ತೋರಿಸಬೇಕೆಂದು ಸಾಹೇಬರೊಬ್ಬರನ್ನು ಕೇಳಿದ್ದೆ. ನಕ್ಕು ಫೈಲು ಮುಚ್ಚಿದರು. ಸದ್ಯ ಚಹಾಪುಡಿ ನಾನು ತರುತ್ತೇನೆ, ಹಾಲನ್ನು ಆಯಿಂದಿರೇ ಸರದಿಯಲ್ಲಿ ತರುತ್ತಾರೆ.