ಔಷಧ ಪ್ರಯೋಗಕ್ಕೆ ಸಹಿ ಹಾಕಿದ ಮೇಲೆ

ಔಷಧ ಪ್ರಯೋಗದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮಾತ್ರಕ್ಕೆ ಸ್ವಯಂಸೇವಕರು ಕಟ್ಟುಬೀಳುವುದಿಲ್ಲ. ಯಾವ ಹಂತದಲ್ಲಾದರೂ ಹೊರಬರಬಹುದು. ಅದರಿಂದ ಅವರಿಗೆ ಸಿಗಬೇಕಾದ ಮಾಮೂಲಿ ಚಿಕಿತ್ಸೆ ತಪ್ಪಬಾರದು. ಆದರೆ ಕೆಲವು ಮಾತ್ರೆಗಳನ್ನು ಏಕಾಏಕಿ ಬಿಡುವುದು ಅಪಾಯಕರವಾದ್ದರಿಂದ, ನಿಲ್ಲಿಸುವ ಕ್ರಮವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಭಾರತದಲ್ಲಿ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ, ಹೊಸ ಔಷಧದ ಪ್ರಯೋಗಕ್ಕೆ ಕೇಂದ್ರ ಔಷಧ ನಿಯಂತ್ರಣ ಪ್ರಾಧಿಕಾರದ ಅನುಮತಿಯೂ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿದ್ದು, ಅರ್ಧದಷ್ಟಾದರೂ ಸಮಿತಿಯನ್ನು ರಚಿಸಿದ ಸಂಸ್ಥೆಗೆ ಸೇರದವರಾಗಿರಬೇಕು. ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ, ವೈದ್ಯಕ್ಷೇತ್ರದ ಹೊರಗಿನ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಈ ಕೊನೆಯ ಸ್ಥಾನ ಬಹಳ ಮುಖ್ಯ: ರೋಗಿಗೆ ಅರ್ಥವಾಗದ ಪತ್ರವನ್ನು ಪ್ರಶ್ನಿಸಬೇಕಾದವರು ಅವರೇ.

ಪತ್ರ ಸ್ವಯಂಸೇವಕರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯ ಎದುರು ವಿವರಿಸಬೇಕು. ಮನೆಯವರೊಂದಿಗೆ ಮಾತಾಡಲು ಬಿಡದೆ ಅವಸರಪಡಿಸುವ ಕಡೆ ಸಹಿ ಹಾಕದಿರುವುದೇ ಸರಿ.

ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯ ಜೊತೆಗೆ ಪರಿಹಾರವನ್ನೂ ಪ್ರಾಯೋಜಕರು ಕೊಡಬೇಕು. ಸಾವು ಸಂಭವಿಸಿದರೆ ಪರಿಹಾರ ವಾರಸುದಾರರಿಗೆ ಸಲ್ಲುತ್ತದೆ. ಗಂಭೀರ ತೊಂದರೆಯನ್ನು ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ಸಹಿಯಾದ ಪತ್ರದ ಪ್ರತಿಯನ್ನು ಕೇಳಿ ಪಡೆಯುವುದು ಅಗತ್ಯ. ದೂರು ಹೇಳಬೇಕಾದ ನೈತಿಕ ಸಮಿತಿಯ ಸಂಪರ್ಕ ವಿವರ ಆ ದಾಖಲೆಯಲ್ಲೇ ಇರಬೇಕು.