ಎಂ.ಟೆಕ್. ಓದಲು ಹೊರಟವರಿಗೆ

ಹರಿಹರದ ಹುಡುಗನೊಬ್ಬ ಒಂದು ಸಂಜೆ ಮಗ್ರಿಬ್ ನಮಾಝಿನ ನಂತರ ನನ್ನ ಬಳಿ ಬಂದು ಕುಳಿತ. ಚಿಕ್ಕಂದಿನಲ್ಲಿ ಮಕ್ತಬಿನಲ್ಲಿ ನನ್ನ ಬಳಿ ಓದಿದವನು. ದಾವಣಗೆರೆಯಲ್ಲಿ ಎಂ.ಟೆಕ್. ಸೇರಿ ಮೂರು ವಾರವಾಗಿತ್ತು. ಮುಖದಲ್ಲಿ ಕಳೆಯೇ ಇರಲಿಲ್ಲ.

"ಹಜ್ರತ್, ಅಲ್ಲಿ ಯಾರೂ ಏನೂ ಹೇಳಿಕೊಡುವುದಿಲ್ಲ. ತರಗತಿಯಲ್ಲಿ ಇರುವುದೇ ಎಂಟು ಜನ. ಸರ್ ಬಂದು ಒಂದು ಸಂಶೋಧನಾ ಲೇಖನದ ಹೆಸರು ಹೇಳಿ, ಓದಿಕೊಂಡು ಬನ್ನಿ ಅನ್ನುತ್ತಾರೆ. ಓದಿದರೆ ಒಂದಕ್ಷರ ತಲೆಗೆ ಹೋಗುವುದಿಲ್ಲ. ಬಿಟ್ಟುಬಿಟ್ಟು ಎಲ್ಲಾದರೂ ಕೆಲಸಕ್ಕೆ ಸೇರಿಕೊಳ್ಳಲೇ?" ಎಂದ.

ಅವನ ದಾದಾ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದವರು. 1941ರಲ್ಲಿ ಆರಂಭವಾದ ಆ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಬಾಗಿಲು ಮುಚ್ಚಿದಾಗ ಊರಿನ ಎಷ್ಟೋ ಮನೆಗಳ ಒಲೆ ತಣ್ಣಗಾಯಿತು. ಅಂಥ ಮನೆಯ ಮೊಮ್ಮಗ ಬಿ.ಇ. ಮುಗಿಸಿ ಎಂ.ಟೆಕ್. ಮೆಟ್ಟಿಲು ಹತ್ತಿದ್ದಾನೆಂದರೆ ಅದರ ಹಿಂದೆ ಎಷ್ಟು ಜನರ ಬೆವರು, ಎಷ್ಟು ಜನರ ದುಆ ಇದೆಯೆಂದು ನನಗೆ ಗೊತ್ತಿತ್ತು. ಮೂರೇ ವಾರಕ್ಕೆ ಬಿಡುವ ಮಾತು ಬಂದದ್ದು ಕೇಳಿ ನಿಜಕ್ಕೂ ಗಾಬರಿಯಾಯಿತು.

ನಾನು ಇಂಜಿನಿಯರ್ ಅಲ್ಲ. ಮದ್ರಸದಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಬಿ.ಎ. ಮಾಡಿದವನು. ಆದರೆ ಅವನು ಹೇಳಿದ ಕಷ್ಟ ನನಗೆ ಹೊಸದಾಗಿರಲಿಲ್ಲ. ಮದ್ರಸದಲ್ಲಿ ನಾಳೆಯ ಪಾಠವನ್ನು ಇಂದು ರಾತ್ರಿಯೇ ವಿದ್ಯಾರ್ಥಿ ತಾನಾಗಿ ಓದಿ, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಗುರುತು ಹಾಕಿಕೊಳ್ಳಬೇಕು. ಇದಕ್ಕೆ ಮುತಾಲಆ ಎನ್ನುತ್ತಾರೆ. ಮರುದಿನ ಉಸ್ತಾದರು ಪಾಠ ಮಾಡಿದ ಮೇಲೆ ರಾತ್ರಿ ನಾಲ್ಕಾರು ಜನ ಸುತ್ತ ಕುಳಿತು, ಒಬ್ಬ ಅದೇ ಪಾಠವನ್ನು ಉಳಿದವರಿಗೆ ಮತ್ತೆ ಹೇಳಬೇಕು. ಇದು ತಕ್ರಾರ್. ಕನ್ನಡದಲ್ಲಿ ಈ ಶಬ್ದ ತಕರಾರು ಆಗಿ ಜಗಳದ ಅರ್ಥ ಪಡೆದಿದೆ. ತಕ್ರಾರಿನಲ್ಲಿ ಕುಳಿತವರಿಗೆ ಈ ಅರ್ಥವೂ ಅಷ್ಟೇನೂ ತಪ್ಪೆನಿಸಲಾರದು!

ಬಿ.ಇ.ಯಲ್ಲಿ ಪಠ್ಯಪುಸ್ತಕವಿತ್ತು, ನೋಟ್ಸ್ ಇತ್ತು, ಹಳೆಯ ಪ್ರಶ್ನೆಪತ್ರಿಕೆಗಳಿದ್ದವು. ಎಂ.ಟೆಕ್.ನಲ್ಲಿ ಮೊದಲ ವರ್ಷ ಹೆಚ್ಚಾಗಿ ಪಾಠ, ಎರಡನೆಯ ವರ್ಷ ಹೆಚ್ಚಾಗಿ ಪ್ರಾಜೆಕ್ಟ್. ನಾಲ್ಕು ಸೆಮಿಸ್ಟರುಗಳು ನೋಡನೋಡುತ್ತಲೇ ಕಳೆದುಹೋಗುತ್ತವೆ. ಇಲ್ಲಿ ಉಪನ್ಯಾಸಕರು, ವಿದ್ಯಾರ್ಥಿ ಮುತಾಲಆ ಮಾಡಿ ಬಂದಿದ್ದಾನೆಂದು ಭಾವಿಸಿಯೇ ಮಾತು ಆರಂಭಿಸುತ್ತಾರೆ. ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ತನಗೆ ಬುದ್ಧಿ ಸಾಲದೆಂದು ಅವನು ತಿಳಿದುಕೊಂಡಿದ್ದ.

ಸಂಶೋಧನಾ ಲೇಖನವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕಾದಂಬರಿಯಂತೆ ಓದಬೇಕಾಗಿಲ್ಲ. ಆರಂಭದ ಸಾರಾಂಶ, ನಂತರ ಚಿತ್ರಗಳು ಮತ್ತು ಕೋಷ್ಟಕಗಳು, ಆಮೇಲೆ ಕೊನೆಯ ತೀರ್ಮಾನ. ಇಷ್ಟನ್ನು ಓದಿ, ಲೇಖಕ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾನೆ ಎಂಬುದನ್ನು ತನ್ನದೇ ಮಾತಿನಲ್ಲಿ ಎರಡು ಸಾಲು ಬರೆದುಕೊಳ್ಳಬೇಕು. ಕನ್ನಡದಲ್ಲಿ ಬರೆದರೂ ಸರಿ, ಉರ್ದುವಿನಲ್ಲಿ ಬರೆದರೂ ಸರಿ. ನಡುವಿನ ಗಣಿತ ಎರಡನೆಯ ಓದಿಗಿರಲಿ. ತಳಪಾಯವೇ ಗಟ್ಟಿಯಿಲ್ಲವೆನಿಸಿದರೆ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಮನೆಯಲ್ಲಿ ಕುಳಿತು ಉಚಿತವಾಗಿ ಕೇಳಬಹುದು.

ಇನ್ನು ಉಪನ್ಯಾಸಕರ ಕೊಠಡಿಯ ಬಾಗಿಲು ತಟ್ಟುವ ಸಂಕೋಚ. ನಮ್ಮ ಮಕ್ಕಳಲ್ಲಿ, ಅದರಲ್ಲೂ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರಲ್ಲಿ, ಇದು ಬಹಳ. ಪ್ರವಾದಿ ಮೂಸಾ(ಅ)ರ ವೃತ್ತಾಂತ ಸೂರಃ ಕಹ್ಫ್‌ನಲ್ಲಿದೆ. ಅಲ್ಲಾಹನ ಪ್ರವಾದಿಯಾಗಿದ್ದೂ ಅವರು ತನಗೆ ತಿಳಿಯದ್ದನ್ನು ಕಲಿಯಲು ದೂರ ಪ್ರಯಾಣ ಮಾಡಿ, ಕಲಿಸುವವರ ಮುಂದೆ ಶಿಷ್ಯನಂತೆ ಅನುಮತಿ ಕೇಳಿ ನಿಂತರು. ಅಲ್ಲಿ ಪ್ರಶ್ನೆಯನ್ನು ತಡೆದುಕೊಳ್ಳುವುದು ಷರತ್ತಾಗಿತ್ತು. ಇಲ್ಲಿ ಪ್ರಶ್ನೆಯನ್ನು ಹೊತ್ತುಕೊಂಡು ಹೋಗುವುದೇ ಷರತ್ತು. "ಸರ್, ಏನೂ ಅರ್ಥವಾಗಲಿಲ್ಲ" ಎಂದರೆ ಯಾವ ಗುರುವೂ ಏನೂ ಮಾಡಲಾರ. "ಸರ್, ನಾಲ್ಕನೆಯ ಪುಟದ ಈ ಸಮೀಕರಣ ಎಲ್ಲಿಂದ ಬಂತು?" ಎಂದು ಕೇಳಿದರೆ ಅವರು ಕುರ್ಚಿ ಎಳೆದು ಕೂರಿಸುತ್ತಾರೆ. ಮುಂದೆ ಪ್ರಾಜೆಕ್ಟಿಗೆ ಮಾರ್ಗದರ್ಶಕರನ್ನು ಆರಿಸಿಕೊಳ್ಳುವ ಅವಕಾಶ ಬಂದಾಗ ಈ ಪರಿಚಯವೇ ನೆರವಾಗುತ್ತದೆ. ಶುಕ್ರವಾರ ಪ್ರಯೋಗಾಲಯದ ಸಮಯ ಜುಮಾಕ್ಕೆ ಅಡ್ಡ ಬರುವಂತಿದ್ದರೆ ಅದನ್ನೂ ಮೊದಲ ವಾರವೇ ವಿನಯದಿಂದ ತಿಳಿಸಿ, ಆ ಕೆಲಸವನ್ನು ಬೇರೆ ಹೊತ್ತಿನಲ್ಲಿ ಮಾಡಿಕೊಡುತ್ತೇನೆ ಎನ್ನಬೇಕು. ಹೇಳದೆ ಎದ್ದು ಹೋಗುವುದು ಒಳ್ಳೆಯ ನಡತೆಯಲ್ಲ.

ಕಚೇರಿಯ ಕೆಲಸಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಗೇಟ್ ಪರೀಕ್ಷೆಯ ಅರ್ಹತೆಯೊಂದಿಗೆ, ಎಐಸಿಟಿಇ ಮಾನ್ಯತೆ ಪಡೆದ ಕಾಲೇಜಿನಲ್ಲಿ ಪೂರ್ಣಾವಧಿಗೆ ಸೇರಿದವರಿಗೆ ಆ ಮಂಡಳಿಯಿಂದ ತಿಂಗಳಿಗೆ 12,400 ರೂಪಾಯಿಯ ವಿದ್ಯಾರ್ಥಿವೇತನವಿದೆ. ಅದು ತಾನಾಗಿ ಬರುವುದಿಲ್ಲ. ಕಾಲೇಜು ವಿದ್ಯಾರ್ಥಿಯ ಹೆಸರನ್ನು ನಿಗದಿತ ಅವಧಿಯೊಳಗೆ ದಾಖಲಿಸಬೇಕು, ಪ್ರತಿ ತಿಂಗಳೂ ಹಾಜರಿಯನ್ನು ದೃಢಪಡಿಸಬೇಕು. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಬಡ್ಡಿಯ ಸಾಲಕ್ಕೆ ಕೈ ಚಾಚುವ ಮೊದಲು ಇದನ್ನು ವಿಚಾರಿಸಿ. ರಾಜ್ಯದ ಪಿಜಿಸಿಇಟಿ ಬರೆದು ಸೀಟು ಪಡೆದವರಿಗೆ ಈ ವೇತನವಿಲ್ಲ. ಆದ್ದರಿಂದ ಬಿ.ಇ. ಕೊನೆಯ ವರ್ಷದಲ್ಲಿರುವವರು ಗೇಟ್ ಬರೆಯುವುದನ್ನು ಅಲಕ್ಷಿಸಬಾರದು.

ಈಗ ಆ ಸಂಜೆ ನನ್ನನ್ನು ಹೆಚ್ಚು ಕಾಡಿದ ವಿಷಯಕ್ಕೆ ಬರುತ್ತೇನೆ. ಏಳುವ ಮೊದಲು ಹುಡುಗ ಮೆಲ್ಲಗೆ ಹೇಳಿದ: "ಪ್ರಾಜೆಕ್ಟಿನ ಚಿಂತೆ ಇಲ್ಲವಂತೆ ಹಜ್ರತ್. ದುಡ್ಡು ಕೊಟ್ಟರೆ ಮಾಡಿಕೊಡುವವರು ಇದ್ದಾರಂತೆ. ವರದಿಯೂ ಅವರದ್ದೇ."

ಉಪದೇಶ ಮಾಡಲು ನನಗೆ ಬಾಯಿ ಬರಲಿಲ್ಲ. ಬಿ.ಎ. ಓದುವಾಗ ಒಂದು ಪ್ರಬಂಧ ಸ್ಪರ್ಧೆಗೆ ನಾನು ಹಳೆಯ ಪುಸ್ತಕವೊಂದರಿಂದ ಎರಡು ಪುಟ ಎತ್ತಿ ನನ್ನದೆಂದು ಬರೆದು ಕೊಟ್ಟಿದ್ದೆ. ಬಹುಮಾನವೂ ಬಂತು. ಯಾರಿಗೂ ಗೊತ್ತಾಗಲಿಲ್ಲ. ಅದೇ ವಾರ ಮದ್ರಸದಲ್ಲಿ ಕಿರಿಯರಿಗೆ ಹದೀಸಿನ ಸನದು ಎಂದರೇನೆಂದು ಹೇಳಿಕೊಡಬೇಕಾಯಿತು. ಇಂಥವರು ಇಂಥವರಿಂದ ಕೇಳಿದರು, ಅವರು ಅವರಿಂದ ಕೇಳಿದರು ಎಂದು ಪ್ರವಾದಿ(ಸ)ಯವರವರೆಗೆ ಸರಪಳಿಯ ಒಂದೊಂದು ಕೊಂಡಿಯನ್ನೂ ಹೇಳಬೇಕು. ಒಂದು ಹೆಸರು ಬಿಟ್ಟುಹೋದರೂ ಆ ವರದಿಯ ತೂಕ ಇಳಿಯುತ್ತದೆ. ಹೇಳುತ್ತ ಹೇಳುತ್ತ ನನ್ನ ನಾಲಿಗೆ ಒಣಗಿತು. ಆ ಬಹುಮಾನದ ಪುಸ್ತಕ ಇಂದಿಗೂ ನನ್ನ ಕಪಾಟಿನಲ್ಲಿದೆ, ಬಿಚ್ಚಿ ನೋಡಿಲ್ಲ.

ಇದನ್ನೇ ಹುಡುಗನಿಗೆ ಹೇಳಿದೆ. ಸಂಶೋಧನಾ ಲೇಖನದ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ ಎಂದರೆ ಸನದೇ. ಈ ಅಂಕಿ ಯಾರು ಅಳೆದದ್ದು, ಈ ಮಾತು ಯಾರದು ಎಂದು ಹೇಳುವುದು. ಹೇಳದಿದ್ದರೆ ಸರ್ಕಾರದ ನಿಯಮವೂ ಬಿಡುವುದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಂತೆ ಪ್ರಬಂಧದಲ್ಲಿ ಕೃತಿಚೌರ್ಯದ ಹೋಲಿಕೆ ನೂರಕ್ಕೆ 10ರವರೆಗಿದ್ದರೆ ದಂಡನೆಯಿಲ್ಲ. 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗಾದರೆ ಒಂದು ವರ್ಷ ಮತ್ತೆ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಕೊಂಡು ತಂದ ವರದಿಯಲ್ಲಿ ಎಷ್ಟು ಎಲ್ಲಿಂದ ಬಂದಿದೆಯೆಂದು ಕೊಂಡವನಿಗೆ ಹೇಗೆ ತಿಳಿಯಬೇಕು? ಯಂತ್ರ ಸಿಕ್ಕಿಹಾಕದಿದ್ದರೂ ಅವನು ಅಳೆಯದ ಅಂಕಿಯನ್ನು ನಂಬಿ ನಾಳೆ ಯಾರೋ ಒಂದು ಬಾಯ್ಲರ್ ಕಟ್ಟಬಹುದು, ಒಂದು ಸೇತುವೆ ಕಟ್ಟಬಹುದು.

ಯಂತ್ರಶಾಸ್ತ್ರದಲ್ಲಿ ಇದು ಹೊಸ ಮಾತಲ್ಲ. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ಅರಸರ ಬಳಿ ಕೆಲಸ ಮಾಡಿದ ಅಲ್ ಜಝರಿ 1206ರಲ್ಲಿ ತಾನು ರಚಿಸಿದ ಯಂತ್ರಗಳ ಗ್ರಂಥವನ್ನು ಪೂರ್ಣಗೊಳಿಸಿದರು. ನೀರೆತ್ತುವ ಯಂತ್ರಗಳು, ನೀರಿನ ಗಡಿಯಾರಗಳು ಎಲ್ಲವೂ ಅದರಲ್ಲಿವೆ. ಮಾಡಿ ಪರೀಕ್ಷಿಸದ ವಿದ್ಯೆ ಸಂದೇಹಕ್ಕೆ ಆಸ್ಪದ ಕೊಡುತ್ತದೆ ಎಂಬುದು ಅವರ ನಿಲುವಾಗಿತ್ತು.

"ವಿಷಯ ಎಲ್ಲಿಂದ ತರಲಿ?" ಎಂಬುದು ಅವನ ಮುಂದಿನ ಪ್ರಶ್ನೆ. ದಾವಣಗೆರೆಯಲ್ಲಿ ವಿಷಯಕ್ಕೆ ಬರವೇ? 1951ರಲ್ಲಿ ಆರಂಭವಾದ ಯು.ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಇರುವ ಊರಿನಲ್ಲೇ ಮಂಡಕ್ಕಿ ಭಟ್ಟಿಗಳೂ ಇವೆ. ಆ ಭಟ್ಟಿಗಳ ಶಾಖದ ಮುಂದೆ ನಮ್ಮ ಎಷ್ಟು ಮನೆಗಳವರು ನಿಂತಿದ್ದಾರೆಂದು ನಮಗೆಲ್ಲ ತಿಳಿದದ್ದೇ. ಭತ್ತದ ಹೊಟ್ಟಿನ ಶಾಖದಲ್ಲಿ ಎಷ್ಟು ಭಾಗ ಮರಳಿಗೆ ಸೇರುತ್ತದೆ, ಎಷ್ಟು ಹೊಗೆಯಾಗಿ ಹೋಗುತ್ತದೆ, ಎಷ್ಟು ನಿಂತವನ ಮೈ ಸುಡುತ್ತದೆ? ಇದನ್ನು ಅಳೆಯಬಹುದಲ್ಲ ಎಂದೆ. ಇದು ಸಾಧ್ಯವೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಸರ್ ಅವರನ್ನೇ ಕೇಳು ಎಂದು ಕಳುಹಿಸಿದೆ.

ತಂದೆತಾಯಂದಿರಿಗೂ ಒಂದು ಮಾತು. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರು, ಬಸ್ಸೂ ಇದೆ, ರೈಲೂ ಇದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚೂ ಉಳಿದಿದೆ. ಬಿ.ಇ. ಮುಗಿಸಿದ ಮಗಳು ಮುಂದೆ ಓದುತ್ತೇನೆಂದರೆ ದೂರದ ನೆಪ ಹೇಳಬೇಡಿ. ಮಗನಿಗೆ "ಇನ್ನೂ ಎಷ್ಟು ಓದುತ್ತೀ?" ಎಂದು ಊಟದ ಹೊತ್ತಿನಲ್ಲಿ ಕೇಳುವುದನ್ನೂ ಎರಡು ವರ್ಷ ನಿಲ್ಲಿಸಿ. ಆ ಹುಡುಗ ಮೂರು ವಾರಕ್ಕೆ ಬಿಡಲು ಹೊರಟದ್ದಕ್ಕೆ ಅರ್ಧ ಕಾರಣ ಈ ಪ್ರಶ್ನೆಯೇ ಆಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಅವನು ಬಿಡಲಿಲ್ಲ, ಅಲ್‌ಹಮ್ದುಲಿಲ್ಲಾಹ್. ತರಗತಿಯ ಮೂವರು ಗೆಳೆಯರೊಂದಿಗೆ ಗ್ರಂಥಾಲಯದಲ್ಲಿ ವಾರಕ್ಕೆರಡು ದಿನ ತಕ್ರಾರ್ ನಡೆಸುತ್ತಾನೆ. ಅವರಲ್ಲಿ ಇಬ್ಬರು ಹಿಂದೂ ಹುಡುಗರು, ಆ ಹೆಸರನ್ನೇ ಅವರೂ ಬಳಸುತ್ತಾರಂತೆ. ಕಳೆದ ತಿಂಗಳು ಭಟ್ಟಿಯೊಂದರ ಬಳಿ ಉಷ್ಣಮಾಪಕ ಹಿಡಿದು ಅರ್ಧ ದಿನ ನಿಂತಿದ್ದ. ಬಂದ ಅಂಕಿಗಳು ಒಂದಕ್ಕೊಂದು ಹೊಂದಲಿಲ್ಲ. ಪುಸ್ತಕದಲ್ಲಿದ್ದ ಅಂಕಿಗೆ ಸರಿಮಾಡಿ ಬರೆಯಬಹುದಿತ್ತು. ಇದ್ದದ್ದನ್ನು ಇದ್ದಂತೆಯೇ ಸರ್ ಅವರಿಗೆ ತೋರಿಸಿದನಂತೆ. ಮಾಪಕ ಇಟ್ಟ ಜಾಗ ಸರಿಯಿರಲಿಲ್ಲವೆಂದು ಅವರು ಹೇಳಿದರಂತೆ.

"ಬರುವ ಭಾನುವಾರ ಮತ್ತೆ ಹೋಗಿ ಅಳೆಯಬೇಕು ಹಜ್ರತ್" ಎಂದ.